ಎಣ್ಣೆ ಮಿಲ್ ಮಣ್ಣಿನಿಂದ ಲೈಪೇಸ್ ಬ್ಯಾಕ್ಟೀರಿಯಾ ಹೆಕ್ಕುವ ಬಗೆ

ಕೊಬ್ಬು ಒಡೆಯುವ ಕಿಣ್ವವಾದ ಲೈಪೇಸ್ ಹುಡುಕಲು ಚಳ್ಳಕೆರೆಯ ಶೇಂಗಾ ಎಣ್ಣೆ ಮಿಲ್‌ಗಳ ಹಿತ್ತಲಿನ ಜಿಡ್ಡುಮಣ್ಣು ಬಲು ಒಳ್ಳೆಯ ಜಾಗ. 1 ಗ್ರಾಂ ಮಣ್ಣನ್ನು 9 ಮಿಲೀ ಕ್ರಿಮಿರಹಿತ 0.85% ಉಪ್ಪುನೀರಿನಲ್ಲಿ ಕದಡಿ, ಹತ್ತು ಹತ್ತು ಪಟ್ಟು ತೆಳುಮಾಡುತ್ತ 10⁻⁵ರವರೆಗೆ ಹೋಗಿ. ಕೊನೆಯ ಮೂರು ನಳಿಕೆಗಳಿಂದ 0.1 ಮಿಲೀ ತೆಗೆದು 1% ಟ್ರೈಬ್ಯುಟಿರಿನ್ (ಒಂದು ಸರಳ ಕೊಬ್ಬು) ಬೆರೆಸಿದ ಅಗರ್ ಮೇಲೆ ಹರಡಿ, 37 ಡಿಗ್ರಿಯಲ್ಲಿ 48 ಗಂಟೆ ಇಡಿ.

ಕಾಲನಿಯ ಸುತ್ತ ತಿಳಿವಲಯ ಕಂಡ ಕೂಡಲೇ ಲೈಪೇಸ್ ಎಂದು ಬರೆದುಕೊಳ್ಳಬೇಡಿ. ಟ್ರೈಬ್ಯುಟಿರಿನ್‌ನ ಕೊಬ್ಬಿನಾಮ್ಲದ್ದು ಗಿಡ್ಡ ಸರಪಳಿ, ಎಸ್ಟರೇಸ್ ಎಂಬ ಬೇರೆ ಕಿಣ್ವ ಕೂಡ ಅದನ್ನು ಒಡೆಯುತ್ತದೆ. ಆಲಿವ್ ಎಣ್ಣೆ ಮತ್ತು 0.001% ರೋಡಮಿನ್ ಬಿ ಎಂಬ ಬಣ್ಣ ಬೆರೆಸಿದ ಅಗರ್‌ಗೆ ದಾಟಿಸಿ. 350 ನ್ಯಾನೋಮೀಟರ್ ಅತಿನೇರಳೆ ಬೆಳಕಿನಲ್ಲಿ ಕಿತ್ತಳೆ ಹೊಳಪು ಬಂದರೆ ನಂಬಬಹುದು. ಎಣ್ಣೆ ಸರಿಯಾಗಿ ಕಲಸದಿದ್ದರೆ ಹೊಳಪು ತೇಪೆತೇಪೆಯಾಗುತ್ತದೆ, ಆದ್ದರಿಂದ ಗೋಂದು (ಗಮ್ ಅರೇಬಿಕ್) ಹಾಕಿ ಚೆನ್ನಾಗಿ ಕಡೆಯಿರಿ.

ಚಟುವಟಿಕೆ ಅಳೆಯಲು ಪ್ಯಾರಾ-ನೈಟ್ರೋಫಿನೈಲ್ ಪಾಲ್ಮಿಟೇಟ್ ಸಾಕು; ಕಿಣ್ವ ಅದನ್ನು ಒಡೆದಾಗ ಹಳದಿ ಪ್ಯಾರಾ-ನೈಟ್ರೋಫಿನಾಲ್ ಹೊರಬರುತ್ತದೆ. ಪಿಎಚ್ 8ರಲ್ಲಿ ಇಟ್ಟು, ಆ ಬಣ್ಣವನ್ನು 410 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯಿರಿ. ಒಂದು ನಿಮಿಷಕ್ಕೆ 1 ಮೈಕ್ರೋಮೋಲ್ ಪ್ಯಾರಾ-ನೈಟ್ರೋಫಿನಾಲ್ ಬಿಡುಗಡೆಯಾದರೆ ಒಂದು ಯೂನಿಟ್. ಕಿಣ್ವವಿಲ್ಲದ ಬ್ಲ್ಯಾಂಕ್ (ಹೋಲಿಕೆಯ ನಳಿಕೆ) ಪ್ರತಿ ಬಾರಿ ಇರಲೇಬೇಕು, ಏಕೆಂದರೆ ಪಾಲ್ಮಿಟೇಟ್ ತಾನಾಗಿಯೂ ಒಡೆಯುತ್ತದೆ. ಯಾವ ಪಿಎಚ್ ಹಿತವೆಂದು ನೋಡುವಾಗ ಇನ್ನಷ್ಟು ಎಚ್ಚರ ಬೇಕು: ಆಮ್ಲದಲ್ಲಿ ಹಳದಿ ಬಣ್ಣವೇ ಮಾಯವಾಗುವುದರಿಂದ ಕಿಣ್ವ ಸತ್ತಂತೆ ಕಾಣುತ್ತದೆ. ಅಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಟೈಟ್ರೇಶನ್ ಮಾಡಿ ಕೊಬ್ಬಿನಾಮ್ಲವನ್ನೇ ಅಳೆಯಿರಿ.