ಷಟರ್ ಬಾಗಿಲಿನ ವಾಲ್ವ್ ಟಿವಿ: ಪ್ಲಗ್ ಹಾಕುವ ಮುನ್ನ

ಅಟ್ಟದಿಂದ ಇಳಿಸಿದ ಎಪ್ಪತ್ತರ ದಶಕದ ಕಪ್ಪು-ಬಿಳುಪು ವಾಲ್ವ್ (ಟ್ರಾನ್ಸಿಸ್ಟರ್‌ಗಿಂತ ಮುಂಚಿನ ಗಾಜಿನ ನಿರ್ವಾತ ಕೊಳವೆ) ಟಿವಿಯನ್ನು 'ಹತ್ತುತ್ತಾ ನೋಡೋಣ' ಅಂತ ನೇರ ಪ್ಲಗ್‌ಗೆ ಹಾಕಬೇಡಿ. ವಾಲ್ವ್ ಹುಡುಕಿದರೆ ಇವತ್ತಿಗೂ ಸಿಗುತ್ತದೆ. ಪಿಕ್ಚರ್ ಟ್ಯೂಬಿಗೆ ಹೈವೋಲ್ಟೇಜ್ ಕೊಡುವ ಇಎಚ್‌ಟಿ ಟ್ರಾನ್ಸ್‌ಫಾರ್ಮರ್ ಸುಟ್ಟಿತೋ, ಅದಕ್ಕಾಗಿ ಇನ್ನೊಂದು ಹಳೇ ಸೆಟ್ಟನ್ನೇ ಬಿಚ್ಚಬೇಕಾದೀತು.

ಇಂಥ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಮೇನ್ಸ್‌ನ ಒಂದು ತಂತಿ ನೇರ ಚಾಸಿಸ್‌ಗೇ (ಒಳಗಿನ ಲೋಹದ ಚೌಕಟ್ಟಿಗೇ) ಸೇರಿರುತ್ತದೆ. ಎರಡು ಪಿನ್ನಿನ ಪ್ಲಗ್ ತಿರುವಿ ಹಾಕಿದರೆ ಇಡೀ ಚಾಸಿಸ್ ಫೇಸ್ ಆಯಿತು, ಮುಟ್ಟಿದರೆ ಶಾಕ್! ಆದ್ದರಿಂದ 230 ವೋಲ್ಟ್, 250 ವಿಎ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ (ಸೆಟ್ಟನ್ನು ಮೇನ್ಸ್‌ನಿಂದ ಬೇರ್ಪಡಿಸುವಂಥದ್ದು) ಬೇಕೇ ಬೇಕು. ವೋಲ್ಟೇಜ್ ಏರಿಸಿ ಇಳಿಸುವ ವೇರಿಯಾಕ್ ಅದರ ಕೆಲಸ ಮಾಡುವುದಿಲ್ಲ. ಪಿಕ್ಚರ್ ಟ್ಯೂಬಿನ ಆನೋಡ್‌ನಲ್ಲಿ (ರಬ್ಬರ್ ಕ್ಯಾಪಿನ ಕೆಳಗಿರುವ ಹೈವೋಲ್ಟೇಜ್ ತುದಿ) ಚಾರ್ಜ್ ಉಳಿದಿರಬಹುದು. ಟ್ಯೂಬಿನ ಹೊರಗಿನ ಕಪ್ಪು ಲೇಪಕ್ಕೆ ತಾಗಿರುವ ಜಾಲರಿ ತಂತಿಗೆ ಒಂದು ವೈರ್ ಕಟ್ಟಿ, ಅದರ ಇನ್ನೊಂದು ತುದಿಯನ್ನು ಒಳ್ಳೆಯ ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರ್‌ನ ಲೋಹದ ಕಡ್ಡಿಗೆ ಸುತ್ತಿ, ರಬ್ಬರ್ ಕ್ಯಾಪಿನ ಕೆಳಗೆ ತೂರಿಸಿ ಡಿಸ್‌ಚಾರ್ಜ್ ಮಾಡಿ. ಒಂದು ಕೈ ಬೆನ್ನ ಹಿಂದಿರಲಿ. ಸೆಟ್ಟನ್ನು ಟ್ಯೂಬಿನ ಕತ್ತು ಹಿಡಿದು ಎತ್ತಬೇಡಿ, ಮುರಿದರೆ ಗಾಜು ಸಿಡಿಯುತ್ತದೆ.

ಧೂಳು, ಇಲಿ ಹಿಕ್ಕೆ, ಜೇಡರಬಲೆ ಎಲ್ಲ ಒಣ ಬ್ರಷ್‌ನಿಂದ ತೆಗೆಯಿರಿ. ವಾಲ್ವ್ ಮೇಲಿನ ನಂಬರನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ನಂಬರೇ ಅಳಿಸಿಹೋಗುತ್ತದೆ. ಗಾಜಿನೊಳಗಿನ ಬೆಳ್ಳಿ ಮಚ್ಚೆ ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಸೇರಿದೆ, ಆ ವಾಲ್ವ್ ಮುಗಿಯಿತು.

ಪಿಎಲ್504, ಪಿವೈ88, ಪಿಸಿಎಲ್805 ಥರದ 'ಪಿ' ವಾಲ್ವ್‌ಗಳ ಹೀಟರ್‌ಗಳು (ವಾಲ್ವನ್ನು ಬಿಸಿ ಮಾಡುವ ಒಳತಂತಿಗಳು) 300 ಮಿಲಿಆಂಪ್‌ನಲ್ಲಿ ದೀಪದ ಸರದಂತೆ ಸಾಲಾಗಿವೆ; ಒಂದು ಹೋದರೆ ಎಲ್ಲವೂ ಕತ್ತಲೆ. ಒಂದೊಂದನ್ನೇ ಮೀಟರ್‌ನಲ್ಲಿ ನೋಡಿ.

ಈಗ ಕಂಡೆನ್ಸರ್, ಅಂದರೆ ಕೆಪಾಸಿಟರ್. ಹೆಚ್ಚು ಹೊತ್ತು ಹಿಡಿಯುವುದೂ, ಸೆಟ್ಟಿನ ಹಣೆಬರಹ ತೀರ್ಮಾನವಾಗುವುದೂ ಇಲ್ಲೇ. ದೊಡ್ಡ ಫಿಲ್ಟರ್ ಕ್ಯಾನನ್ನು ಸರ್ಕ್ಯೂಟ್‌ನಿಂದ ಬಿಡಿಸಿ, 10 ಕಿಲೋಓಮ್, 10 ವ್ಯಾಟ್ ರೆಸಿಸ್ಟರ್ ಮೂಲಕ ಡಿಸಿ ಕೊಡುತ್ತ, ಕೆಲವು ಗಂಟೆಗಳಲ್ಲಿ ಮೆಲ್ಲಗೆ ಅದರ ಮೇಲೆ ಬರೆದಿರುವ ವೋಲ್ಟೇಜ್‌ವರೆಗೆ ಏರಿಸಿ. ರೆಸಿಸ್ಟರ್ ಮೇಲೆ 10 ವೋಲ್ಟ್ ಬಿದ್ದರೆ ಸೋರಿಕೆ 1 ಮಿಲಿಆಂಪ್. ಅದು ಇಳಿಯದಿದ್ದರೆ ಅಥವಾ ಕ್ಯಾನ್ ಬಿಸಿಯಾದರೆ ಎಸೆಯಿರಿ. ಪೇಪರ್ ಕಂಡೆನ್ಸರ್‌ಗಳನ್ನಂತೂ ಪರೀಕ್ಷಿಸುವ ಗೋಜೇ ಬೇಡ, ಎಲ್ಲ ಬದಲಿಸಿ. ವಾಲ್ವಿನ ಕರೆಂಟನ್ನು ಹಿಡಿತದಲ್ಲಿಡುವ ಗ್ರಿಡ್‌ಗೆ ಹೋಗುವ ಕಪ್ಲಿಂಗ್ ಕಂಡೆನ್ಸರ್ ಸೋರಿದರೆ ಗ್ರಿಡ್‌ನ ನೆಗೆಟಿವ್ ವೋಲ್ಟೇಜ್ ಕುಸಿದು, ಕರೆಂಟು ಮಿತಿಮೀರಿ ವಾಲ್ವಿನೊಳಗಿನ ಲೋಹದ ಪ್ಲೇಟ್ ಕೆಂಪಾಗುತ್ತದೆ. ಪಿವೈ88 ಬಳಿಯ ಬೂಸ್ಟ್ ಕಂಡೆನ್ಸರ್‌ಗೆ ಅಷ್ಟೇ ಮೌಲ್ಯದ ಪಾಲಿಪ್ರೊಪಿಲಿನ್ ಹಾಕಿ, 1000 ವೋಲ್ಟ್‌ಗಿಂತ ಕಡಿಮೆ ಬೇಡ. ಮೇನ್ಸ್‌ಗೆ ಅಡ್ಡಲಾಗಿರುವುದಕ್ಕೆ ಎಕ್ಸ್2 ದರ್ಜೆಯದೇ (ಮೇನ್ಸ್‌ಗೆಂದೇ ಮಾಡಿದ ಸುರಕ್ಷಿತ ಬಗೆ) ಬೇಕು.

ಮೊದಲ ಸಲ 200 ವ್ಯಾಟ್ ತಂತಿ ಬಲ್ಬನ್ನು ಸೆಟ್ಟಿನೊಂದಿಗೆ ಸರಣಿಯಲ್ಲಿಟ್ಟು (ಸೀರೀಸ್) ಕರೆಂಟು ಕೊಡಿ. ಬಲ್ಬ್ ಪೂರ್ಣ ಉರಿದರೆ ಎಲ್ಲೋ ಶಾರ್ಟ್ ಇದೆ, ಮೊದಲು ರೆಕ್ಟಿಫೈಯರ್ ಡಯೋಡ್ ನೋಡಿ. ಬಲ್ಬ್ ತೆಗೆದ ಮೇಲೆ ಕಣ್ಣು ಇಎಚ್‌ಟಿ ಟ್ರಾನ್ಸ್‌ಫಾರ್ಮರ್ ನಡೆಸುವ ಪಿಎಲ್504 ಮೇಲೇ ಇರಲಿ. ಪ್ಲೇಟ್ ಕೆಂಪಾದ ಕೂಡಲೇ ಆರಿಸಿ. ಬಹುಶಃ ಅದನ್ನು ನಡೆಸುವ ಲೈನ್ ಆಸಿಲೇಟರ್‌ನಿಂದ ಡ್ರೈವ್ (ಸಿಗ್ನಲ್) ಬರುತ್ತಿಲ್ಲ. ಆಸಿಲೇಟರ್ ಕೆಲಸ ಮಾಡುತ್ತಿದ್ದರೆ 15,625 ಹರ್ಟ್ಸ್‌ನ ಸಣ್ಣ ಶಿಳ್ಳೆ ಕೇಳುತ್ತದೆ. ವಯಸ್ಸಾದ ಕಿವಿಗೆ ಅದು ಕೇಳದು, ಮನೆಯ ಮಕ್ಕಳನ್ನು ಕರೆಯಿರಿ. ಚಿತ್ರ ಎತ್ತರದಲ್ಲಿ ಕುಗ್ಗಿದ್ದರೆ ವರ್ಟಿಕಲ್ ಭಾಗದ ದೊಡ್ಡ ಮೌಲ್ಯದ ಕಾರ್ಬನ್ ರೆಸಿಸ್ಟರ್‌ಗಳನ್ನು ಅಳೆಯಿರಿ. ಹಳತಾದಂತೆ ಅವುಗಳ ಮೌಲ್ಯ ಏರಿರುತ್ತದೆ.

ಸಿಗ್ನಲ್‌ಗೆ ಆರ್‌ಎಫ್ ಮಾಡ್ಯುಲೇಟರ್ (ಇಂದಿನ ವಿಡಿಯೊವನ್ನು ಆಂಟೆನಾ ಸಿಗ್ನಲ್ ಆಗಿಸುವ ಪೆಟ್ಟಿಗೆ) ಕೊಳ್ಳುವಾಗ ಮೋಸಹೋಗಬೇಡಿ: ಹಲವು ಯುಎಚ್‌ಎಫ್ ಮಾತ್ರ ಕೊಡುತ್ತವೆ, ಹಳೇ ಟ್ಯೂನರ್ ಹಿಡಿಯುವುದು ವಿಎಚ್‌ಎಫ್. ಧ್ವನಿಯ ತರಂಗ ಚಿತ್ರದ ತರಂಗದಿಂದ 5.5 ಮೆಗಾಹರ್ಟ್ಸ್ ಅಂತರದಲ್ಲಿ ಇರಬೇಕು, 75ರಿಂದ 300 ಓಮ್‌ಗೆ ಹೊಂದಿಸುವ ಬಾಲುನ್ (ಸಣ್ಣ ಟ್ರಾನ್ಸ್‌ಫಾರ್ಮರ್) ಬೇಕು. ಆಂಟೆನಾ ಸಾಕೆಟ್ಟಿನ ಐಸೊಲೇಷನ್ ಕಂಡೆನ್ಸರ್‌ಗಳು ಶಾರ್ಟ್ ಆಗಿಲ್ಲವೆಂದು ನೋಡಿಕೊಂಡೇ ಮಾಡ್ಯುಲೇಟರ್ ಜೋಡಿಸಿ.