ಮಲೆನಾಡಿನ ಮಳೆಯಲ್ಲಿ ಫ್ಯಾಂಟಮ್ ಕಾಮಿಕ್ಸ್ ಸಂಗ್ರಹಿಸಿ ಉಳಿಸಿಕೊಳ್ಳುವುದು ಹೇಗೆ?

ತೀರ್ಥಹಳ್ಳಿಯ ಕಡೆಯ ಒಂದು ಹಳೆಯ ಮನೆಯಲ್ಲಿ ಅಟ್ಟದ ಮೇಲಿನ ಟ್ರಂಕು ಇಳಿಸಿದಾಗ ಅದರೊಳಗೆ ನಲವತ್ತಕ್ಕೂ ಹೆಚ್ಚು ಇಂದ್ರಜಾಲ ಕಾಮಿಕ್ಸ್ ಸಂಚಿಕೆಗಳು ಸಿಕ್ಕಿದವು. ಥಂಡಿ ಹಿಡಿದು, ಬೂಷ್ಟು ಬಂದು, ಒಂದಕ್ಕೊಂದು ಅಂಟಿಕೊಂಡಿದ್ದ ಆ ಕಂತೆಯನ್ನು ಮನೆಯವರು ಒಳ್ಳೆಯ ಮನಸ್ಸಿನಿಂದಲೇ ಅಡಿಕೆ ಒಣಗಿಸುವ ಅಂಗಳದಲ್ಲಿ ಬಿಸಿಲಿಗೆ ಹರವಿದರು. ಮರುದಿನ ನಾನು ಹೋಗುವ ಹೊತ್ತಿಗೆ ಮುಖಪುಟಗಳು ಹಪ್ಪಳದಂತೆ ಸೊಟ್ಟಗಾಗಿದ್ದವು. ಒಳಪುಟಗಳ ಅಂಚು ಬೆರಳು ತಾಗಿದರೆ ಉದುರುತ್ತಿತ್ತು. ಅಂಟಿದ್ದ ಹಾಳೆಗಳನ್ನು ಕಿತ್ತು ಬಿಡಿಸಿದ ಕಡೆ ಫ್ಯಾಂಟಮ್‌ನ ಮುಖ ಒಂದು ಪುಟದಲ್ಲಿಯೂ ಅವನ ಭುಜ ಎದುರಿನ ಪುಟದಲ್ಲಿಯೂ ಉಳಿದಿತ್ತು. ಅಷ್ಟು ಮಳೆಗಾಲಗಳನ್ನು ದಾಟಿ ಬಂದ ಸಂಚಿಕೆಗಳು ಒಂದೇ ದಿನದಲ್ಲಿ ಹಾಳಾದದ್ದನ್ನು ಕಂಡ ಮೇಲೆ, ಈ ಕೆಲಸವನ್ನು ಸರಿಯಾಗಿ ಮಾಡುವ ಕ್ರಮವನ್ನು ಬರೆದಿಡಲೇಬೇಕೆಂದು ಅನಿಸಿತು.

ಯಾವುದನ್ನು ಸಂಗ್ರಹಿಸುತ್ತಿದ್ದೇವೆಂದು ಮೊದಲು ತಿಳಿದಿರಬೇಕು

ಅಮೆರಿಕದ ಲೀ ಫಾಕ್ ಸೃಷ್ಟಿಸಿದ ಫ್ಯಾಂಟಮ್ ದಿನಪತ್ರಿಕೆಯ ಚಿತ್ರಕಥೆಯಾಗಿ 1936ರ ಫೆಬ್ರವರಿ 17ರಂದು ಆರಂಭವಾದನು. ಎಂದರೆ ಸೂಪರ್‌ಮ್ಯಾನ್ 1938ರಲ್ಲಿ ಬರುವುದಕ್ಕೆ ಎರಡು ವರ್ಷ ಮೊದಲೇ ಮೈಗಂಟಿದ ಉಡುಪು ತೊಟ್ಟು, ಮುಖವಾಡದ ಹಿಂದೆ ಕಣ್ಣಿನ ಪಾಪೆ ಕಾಣದಂತೆ ನಿಂತ ವೀರನು ಇವನು. ಇವನಿಗೆ ಅತಿಮಾನುಷ ಶಕ್ತಿ ಯಾವುದೂ ಇಲ್ಲ; ತಂದೆಯಿಂದ ಮಗನಿಗೆ ಇಪ್ಪತ್ತೊಂದು ತಲೆಮಾರುಗಳಿಂದ ಇಳಿದು ಬಂದ ಪ್ರತಿಜ್ಞೆ ಮತ್ತು ಸಾವೇ ಇಲ್ಲದವನೆಂಬ ಜನರ ನಂಬಿಕೆ, ಇವೆರಡೇ ಅವನ ಬಲ. ಮೊದಲು ರೇ ಮೂರ್, ಅನಂತರ ವಿಲ್ಸನ್ ಮೆಕಾಯ್, 1961ರಿಂದ 1994ರವರೆಗೆ ಸೈ ಬ್ಯಾರಿ ಈ ಕಥೆಗಳಿಗೆ ಚಿತ್ರ ಬರೆದರು. ಲೀ ಫಾಕ್ ಮನಸ್ಸಿನಲ್ಲಿ ಇದ್ದದ್ದು ಬೂದು ಬಣ್ಣದ ಉಡುಪು; 1939ರಲ್ಲಿ ಭಾನುವಾರದ ಬಣ್ಣದ ಪುಟ ಆರಂಭವಾದಾಗ ಅದು ನೇರಳೆಯಾಗಿ ಅಚ್ಚಾಯಿತು, ಮತ್ತು ನೇರಳೆಯಾಗಿಯೇ ಉಳಿಯಿತು.

ನಮ್ಮ ದೇಶದಲ್ಲಿ ಇವನ ಕಥೆಗಳನ್ನು ಮನೆಮನೆಗೆ ತಲುಪಿಸಿದ್ದು ಟೈಮ್ಸ್ ಆಫ್ ಇಂಡಿಯಾ ಬಳಗವು ಮುಂಬಯಿಯಿಂದ 1964ರ ಮಾರ್ಚ್‌ನಲ್ಲಿ ಆರಂಭಿಸಿದ ಇಂದ್ರಜಾಲ ಕಾಮಿಕ್ಸ್. ಮೊದಲ ಸಂಚಿಕೆ ಫ್ಯಾಂಟಮ್‌ನ ಸೊಂಟಪಟ್ಟಿಯ ಕಥೆ. ಮೊದಲ 32 ಸಂಚಿಕೆಗಳಲ್ಲಿ ಅವನೊಬ್ಬನೇ ನಾಯಕ. ಆಮೇಲೆ ಮಾಂಡ್ರೇಕ್, ಫ್ಲ್ಯಾಶ್ ಗಾರ್ಡನ್, ರಿಪ್ ಕರ್ಬಿ ಮೊದಲಾದವರು ಸರದಿಯಲ್ಲಿ ಬಂದರು, 1976ರಲ್ಲಿ ಆಬಿದ್ ಸುರತಿ ಸೃಷ್ಟಿಸಿದ ಬಹಾದೂರ್ ಸೇರಿಕೊಂಡನು. ಆರಂಭದ ಮುಖಪುಟಗಳನ್ನು ಬರೆದವರು ಬಿ. ಗೋವಿಂದ್. ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಹೊರಬಂದ ಈ ಮಾಲೆ 1990ರಲ್ಲಿ ನಿಂತಾಗ ಒಟ್ಟು 803 ಸಂಚಿಕೆಗಳಾಗಿದ್ದವು.

ಈ 803ನ್ನೂ ಕೂಡಿಹಾಕುತ್ತೇನೆಂದು ಹೊರಡಬೇಡಿ. ಕನ್ನಡದ ಸಂಚಿಕೆಗಳನ್ನು ಮಾತ್ರ, ಅದರಲ್ಲಿಯೂ ಫ್ಯಾಂಟಮ್‌ನವನ್ನು ಮಾತ್ರ ಹುಡುಕಿ. ಇಂಗ್ಲಿಷ್ ಸಂಚಿಕೆಗಳನ್ನು ಹುಡುಕುವವರು ದೇಶದ ತುಂಬ ಇದ್ದಾರೆ, ಅವು ಹೇಗಾದರೂ ಉಳಿಯುತ್ತವೆ. ಕನ್ನಡ ಮಾತಾಡುವ ಫ್ಯಾಂಟಮ್‌ನನ್ನು ಉಳಿಸಬೇಕಾದವರು ನಾವೇ.

ಹುಡುಕುವುದು ಮತ್ತು ಗುರುತಿಸುವುದು

ಹುಡುಕುವುದು ಕಷ್ಟದ ಕೆಲಸವಲ್ಲ: ಗುಜರಿ ಅಂಗಡಿಯವರಿಗೆ ಹೇಳಿಡಿ, ಹಳೆಯ ಪುಸ್ತಕ ಮಾರುವವರಲ್ಲಿ ವಿಚಾರಿಸಿ, ನೆಂಟರ ಮನೆಯ ಅಟ್ಟ ಗುಡಿಸುವ ದಿನ ಜೊತೆಗಿರಿ. ಬಾಡಿಗೆ ಪುಸ್ತಕದಂಗಡಿಯ ಮೊಹರು ಬಿದ್ದಿದೆ ಎಂಬ ಕಾರಣಕ್ಕೆ ಒಳ್ಳೆಯ ಸಂಚಿಕೆಯನ್ನು ಬಿಡಬೇಡಿ; ಶಿವಮೊಗ್ಗದಲ್ಲೋ ಸಾಗರದಲ್ಲೋ ಅದನ್ನು ಎಷ್ಟು ಮಕ್ಕಳು ಓದಿದ್ದರೆಂಬುದಕ್ಕೆ ಆ ಮೊಹರೇ ಸಾಕ್ಷಿ.

ಕೊಳ್ಳುವ ಮೊದಲು ನಾಲ್ಕು ವಿಷಯ ನೋಡಬೇಕು. ಸಂಚಿಕೆಗಳಿಗೆ 443ರವರೆಗೆ ಒಂದೇ ಸಾಲಿನ ಕ್ರಮಸಂಖ್ಯೆ ಇದ್ದು, ಅನಂತರ ಸಂಪುಟ 20, ಸಂಚಿಕೆ 1 ಎಂಬ ಕ್ರಮ ಬಂದಿತು. ಸಂಪುಟದ ಸಂಖ್ಯೆಗೆ 1963ನ್ನು ಕೂಡಿಸಿದರೆ ವರ್ಷ ತಿಳಿಯುತ್ತದೆ. ಸಂಪುಟ 20 ಎಂದರೆ 1983. ಎರಡನೆಯದಾಗಿ, 123 ಮತ್ತು 124ನೇ ಸಂಚಿಕೆಗಳು ಮುಷ್ಕರದ ಕಾರಣದಿಂದ ಪ್ರಕಟವಾಗಲೇ ಇಲ್ಲ. ಇಲ್ಲದ ಈ ಎರಡನ್ನು ವರ್ಷಗಟ್ಟಲೆ ಹುಡುಕಿದವರನ್ನು ನಾನು ಬಲ್ಲೆ; ಇವು ನಮ್ಮಲ್ಲಿವೆ ಎನ್ನುವವರಿಗೆ ಹಣ ಕೊಡಬೇಡಿ. ಮೂರನೆಯದಾಗಿ, ಫ್ಯಾಂಟಮ್‌ನ ಕಾಡು ಇರುವ ನಾಡನ್ನು ಇಂದ್ರಜಾಲದಲ್ಲಿ ಡೆಂಕಾಲಿ ಎಂದು ಕರೆದರು. ಮೂಲದಲ್ಲಿದ್ದ ಹೆಸರು ನಮ್ಮ ಬಂಗಾಳವನ್ನು ನೆನಪಿಸುತ್ತಿದ್ದುದರಿಂದ ಅದನ್ನು ಬದಲಾಯಿಸಲಾಗಿತ್ತು. ಆದ್ದರಿಂದ ಮುಖಪುಟ ಹರಿದುಹೋದ ಬಿಡಿಹಾಳೆಗಳಲ್ಲಿ ಡೆಂಕಾಲಿ ಎಂಬ ಮಾತು ಕಂಡರೆ ಅವು ಈ ಮಾಲೆಯವೇ ಇರಬೇಕೆಂದು ಊಹಿಸಬಹುದು. ಕೊನೆಯದಾಗಿ ನಡುವಿನ ಹಾಳೆ ಇದೆಯೇ, ಜಾಹೀರಾತಿನ ಚೀಟಿ ಕತ್ತರಿಸಿಕೊಳ್ಳಲು ಹೋಗಿ ಹಿಂದಿನ ಪುಟದ ಚಿತ್ರ ಹೋಗಿದೆಯೇ ಎಂದು ಎಣಿಸಿ ನೋಡಿ.

ಹಳೆಯ ಸಂಚಿಕೆಯನ್ನು ಸ್ಕ್ಯಾನ್ ಮಾಡಿ ಅಚ್ಚು ಹಾಕಿದ ಪ್ರತಿಗಳು ಈಗ ಮೂಲದ ಬೆಲೆಗೆ ಮಾರಾಟವಾಗುತ್ತಿವೆ. ಇದನ್ನು ಪತ್ತೆ ಮಾಡಲು ಭೂತಗನ್ನಡಿ ಸಾಕು. ಫ್ಯಾಂಟಮ್‌ನ ದವಡೆಯ ಕಪ್ಪು ಗೆರೆಯ ಮೇಲೆ ಅದನ್ನಿಟ್ಟು ನೋಡಿ. ಮೂಲ ಸಂಚಿಕೆಯಲ್ಲಿ ಬಣ್ಣ ಚುಕ್ಕೆಚುಕ್ಕೆಯಾಗಿದ್ದರೂ ಗೆರೆ ಮಾತ್ರ ಒಂದೇ ಸಮನೆ ಗಟ್ಟಿ ಕಪ್ಪಾಗಿ ಹರಿದಿರುತ್ತದೆ. ಸ್ಕ್ಯಾನ್ ಪ್ರತಿಯಲ್ಲಿ ಗೆರೆಯೇ ನೀಲಿ, ಕೆಂಪು, ಹಳದಿ ಚುಕ್ಕೆಗಳಾಗಿ ಒಡೆದು ಅಂಚು ಮಸುಕಾಗಿರುತ್ತದೆ. ಓದುವುದಕ್ಕೆ ಅಂಥ ಪ್ರತಿ ಸಾಕು, ಆದರೆ ಅದಕ್ಕೆ ಮೂಲದ ಬೆಲೆ ಕೊಡಬಾರದು.

ಎಲ್ಲರೂ ತಪ್ಪುವ ಹಂತ: ಮನೆಗೆ ತಂದ ಮೊದಲ ತಿಂಗಳು

ಹೊಸದಾಗಿ ಸಿಕ್ಕ ಕಂತೆಯನ್ನು ಯಾವ ಕಾರಣಕ್ಕೂ ಅದೇ ದಿನ ನಿಮ್ಮ ಸಂಗ್ರಹದ ಜೊತೆ ಇಡಬೇಡಿ. ಬೂಷ್ಟಿನ ಕಣ, ಒರಲೆ, ಹೊಳೆಯುವ ಪುಸ್ತಕದ ಹುಳು ಎಲ್ಲವೂ ಹೀಗೆಯೇ ಒಂದು ಮನೆಯಿಂದ ಇನ್ನೊಂದು ಮನೆಗೆ ಬರುತ್ತವೆ. ಬೇರೆ ಕೋಣೆಯಲ್ಲಿ, ಬಿಳಿಯ ಕಾಗದದ ಮೇಲೆ, ಕನಿಷ್ಠ ಒಂದು ತಿಂಗಳು ಇಟ್ಟು, ಕಾಗದದ ಮೇಲೆ ಪುಡಿ ಉದುರುತ್ತದೆಯೇ ಎಂದು ವಾರಕ್ಕೊಮ್ಮೆ ನೋಡಿ.

ಕಂತೆ ಒದ್ದೆಯಾಗಿದ್ದರೆ ಮೊದಲು ಒಣಗಿಸಬೇಕು, ಒರೆಸಬಾರದು. ಹಸಿ ಬೂಷ್ಟನ್ನು ಬಟ್ಟೆಯಿಂದ ಒರೆಸಿದರೆ ಅದು ಕಾಗದದ ಎಳೆಯೊಳಗೆ ಇಳಿದು ಕಲೆಯಾಗಿ ನಿಲ್ಲುತ್ತದೆ. ಬಿಸಿಲು, ಬಚ್ಚಲೊಲೆಯ ಕಾವು, ಇಸ್ತ್ರಿಪೆಟ್ಟಿಗೆ ಮೂರೂ ಬೇಡ. ಈ ಸಂಚಿಕೆಗಳ ಒಳಪುಟ ಅಗ್ಗದ ನ್ಯೂಸ್‌ಪ್ರಿಂಟ್ ಕಾಗದ. ಮರದ ತಿರುಳಿನ ಲಿಗ್ನಿನ್ ಅದರಲ್ಲಿ ಉಳಿದಿರುವುದರಿಂದ ಬೆಳಕು ಮತ್ತು ಕಾವು ತಗುಲಿದಷ್ಟೂ ಅದು ಬೇಗ ಹಳದಿಯಾಗಿ, ಗಡುಸಾಗಿ, ಮುರಿಯುತ್ತದೆ. ನೆರಳಿನ ಕೋಣೆಯಲ್ಲಿ ಫ್ಯಾನನ್ನು ಗೋಡೆಯ ಕಡೆ ತಿರುಗಿಸಿ ಗಾಳಿಯಾಡುವಂತೆ ಮಾಡಿ, ಸಂಚಿಕೆಗಳ ನಡುವೆ ಅಚ್ಚಾಗದ ಬಿಳಿ ಕಾಗದ ಇಟ್ಟು, ಆ ಕಾಗದವನ್ನು ದಿನಕ್ಕೆರಡು ಸಲ ಬದಲಾಯಿಸಿ. ದಿನಪತ್ರಿಕೆಯ ಹಾಳೆ ಇಟ್ಟರೆ ಅದರ ಮಸಿ ಅಂಟುತ್ತದೆ.

ಆದರೆ ಕಂತೆ ಸಿಕ್ಕಿದ್ದು ಆರಿದ್ರಾ, ಪುನರ್ವಸು ಮಳೆಯ ನಡುವೆ ಎಂದಿಟ್ಟುಕೊಳ್ಳಿ. ಗೋಡೆಯೇ ಬೆವರುವ ಆ ದಿನಗಳಲ್ಲಿ ಫ್ಯಾನಿನ ಗಾಳಿಯಿಂದ ಯಾವುದೂ ಒಣಗುವುದಿಲ್ಲ. ಆಗ ಸಂಚಿಕೆಗಳ ನಡುವೆ ಮೇಣದ ಕಾಗದ ಇಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಫ್ರಿಜ್ಜಿನ ಐಸು ಕಟ್ಟುವ ಭಾಗದಲ್ಲಿ ಇಡಿ. ಅಲ್ಲಿ ಬೂಷ್ಟು ಸಾಯುವುದಿಲ್ಲ, ಆದರೆ ಬೆಳೆಯುವುದು ನಿಲ್ಲುತ್ತದೆ. ಮಳೆ ನಿಂತ ಮೇಲೆ ತೆಗೆದು, ಚೀಲದೊಳಗೇ ಕೋಣೆಯ ಹದಕ್ಕೆ ಬರುವಂತೆ ಒಂದು ದಿನ ಬಿಟ್ಟು, ಆಮೇಲೆ ಒಣಗಿಸಬಹುದು.

ಒಣಗಿದ ಬೂಷ್ಟು ಪುಡಿಯಾಗಿರುತ್ತದೆ. ಮನೆಯ ಹೊರಗೆ, ಮೂಗು ಬಾಯಿಗೆ ಎನ್-95 ಮುಖಗವಸು ಕಟ್ಟಿಕೊಂಡು, ಚಿತ್ರ ಬರೆಯುವ ಮೆತ್ತನೆಯ ಬ್ರಷ್ಷಿನಿಂದ ಬೆನ್ನುಪಟ್ಟಿಯ ಕಡೆಯಿಂದ ಅಂಚಿನ ಕಡೆಗೆ ಮಾತ್ರ ಗುಡಿಸಿ. ಪುಟಗಳು ಅಂಟಿದ್ದರೆ ತೆಳ್ಳಗೆ ಸೀಳಿ ನಯಮಾಡಿದ ಬಿದಿರಿನ ಕಡ್ಡಿಯನ್ನು ಬಿಟ್ಟಿರುವ ಮೂಲೆಯಿಂದ ಒಳಗೆ ತೂರಿಸಿ, ತಾನಾಗಿ ಬಿಡುವಷ್ಟು ದೂರ ಮಾತ್ರ ಸರಿಸಿ. ನುಣುಪಾದ ಕಾಗದದ ಮುಖಪುಟಗಳು ಅಂಟಿದರೆ ಮನೆಯಲ್ಲಿ ಬಿಡಿಸಲು ಸಾಧ್ಯವಿಲ್ಲ. ಹಾಗೆಯೇ ಬಿಡಿ, ಅಂಟಿದ ಎರಡು ಸಂಚಿಕೆಗಳು ಹರಿದ ಎರಡು ಸಂಚಿಕೆಗಳಿಗಿಂತ ಮೇಲು.

ಇನ್ನು ಪಿನ್ನು. ಮಲೆನಾಡಿನಲ್ಲಿ ಕಾಮಿಕ್ಸ್ ಪುಸ್ತಕವನ್ನು ಕೊಲ್ಲುವುದು ಮುಖ್ಯವಾಗಿ ಇದೇ. ನಡುವಿನ ಹಾಳೆ ತೆರೆದು ನೋಡಿದರೆ ಪಿನ್ನಿನ ಎರಡು ಕಾಲುಗಳ ಸುತ್ತ ಕಂದು ಬಣ್ಣದ ಕಲೆ ಚಹಾದ ಹನಿ ಬಿದ್ದಂತೆ ಹರಡಿರುತ್ತದೆ. ಆ ಕಲೆಯ ಒಳಗಿನ ಕಾಗದ ಸುಟ್ಟ ಎಲೆಯಷ್ಟು ಬಿರುಸಾಗಿದ್ದು, ಮುಖಪುಟ ಕಳಚಿ ಬೀಳುವುದು ಅಲ್ಲಿಂದಲೇ. ಹೊರಗಿನಿಂದ ಚಾಕು ಹಾಕಿ ಎಬ್ಬಿಸಿದರೆ ಮುಖಪುಟದ ಬೆನ್ನು ಹರಿಯುತ್ತದೆ. ಕೆಲಸ ಒಳಗಿನಿಂದ ಆರಂಭವಾಗಬೇಕು. ಸಂಚಿಕೆಯನ್ನು ನಡುವಿನ ಹಾಳೆಗೆ ತೆರೆದು ಮಲಗಿಸಿ, ಪಿನ್ನಿನ ಕಾಲು ಮತ್ತು ಕಾಗದದ ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ತೆಳು ತುಂಡೊಂದನ್ನು ತೂರಿಸಿ, ಅದರ ಆಸರೆಯ ಮೇಲೆ ಮೊಂಡು ಚಾಕುವಿನಿಂದ ಕಾಲನ್ನು ನಿಧಾನವಾಗಿ ನೇರ ಮಾಡಿ. ತುಕ್ಕು ಹಿಡಿದ ಕಾಲು ಅರ್ಧದಲ್ಲೇ ಮುರಿದರೆ ಗಾಬರಿ ಬೇಡ, ಅದು ಅನುಕೂಲವೇ. ಎರಡೂ ಕಾಲು ನೇರವಾದ ಮೇಲೆ ಸಂಚಿಕೆಯನ್ನು ತಿರುಗಿಸಿ, ಬೆನ್ನಿನ ಕಡೆಯಿಂದ ಇಕ್ಕುಳದಲ್ಲಿ ಹಿಡಿದು ನೇರಕ್ಕೆ ಎಳೆಯಿರಿ, ಓರೆಯಾಗಿ ಎಳೆಯಬೇಡಿ. ಉಳಿದ ತುಕ್ಕಿನ ಪುಡಿಯನ್ನು ಒಣ ಬ್ರಷ್ಷಿನಿಂದ ತೆಗೆಯಿರಿ, ನೀರು ತಾಗಿಸಬೇಡಿ. ಮತ್ತೆ ಪಿನ್ನು ಹೊಡೆಯುವ ಬದಲು ಅದೇ ತೂತುಗಳಲ್ಲಿ ಬಿಳಿಯ ಹತ್ತಿ ದಾರ ಪೋಣಿಸಿ, ಗಂಟನ್ನು ಒಳಗಿನ ಹಾಳೆಯ ಕಡೆ ಸಡಿಲವಾಗಿ ಹಾಕಿ. ಒಂದು ಸಂಚಿಕೆಗೆ ನನಗೆ ಅರ್ಧ ಗಂಟೆ ಬೇಕಾಗುತ್ತದೆ. ದಿನಕ್ಕೆ ಮೂರಕ್ಕಿಂತ ಹೆಚ್ಚು ಮಾಡಲು ಹೋಗಬೇಡಿ, ಕೈ ಸೋತಾಗಲೇ ಹರಿಯುವುದು.

ಮಾಡಬಾರದ ಉಪಕಾರಗಳು

ಸೆಲೋಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ, ಟೇಪು ಉದುರಿದರೂ ಕಲೆ ಹೋಗುವುದಿಲ್ಲ. ಲ್ಯಾಮಿನೇಷನ್ ಮಾಡಿಸಿದ ಸಂಚಿಕೆಯನ್ನು ಮರಳಿ ಪಡೆಯಲು ದಾರಿಯೇ ಇಲ್ಲ. ಬೈಂಡಿಂಗ್‌ಗೆ ಕೊಟ್ಟರೆ ಅಂಚು ಸಮ ಮಾಡಲು ಮೂರು ಕಡೆ ಕತ್ತರಿಸುತ್ತಾರೆ. ನನ್ನ ಹನ್ನೆರಡು ಸಂಚಿಕೆಗಳು ಹೀಗೆ ಒಂದೇ ರಟ್ಟಿನೊಳಗೆ ಸೇರಿ ಬಂದಾಗ ಮಾತಿನ ಗುಳ್ಳೆಗಳ ಮೊದಲ ಅಕ್ಷರಗಳೇ ಹೋಗಿದ್ದವು. ತೋಟಕ್ಕೆ ಸಿಂಪಡಿಸುವ ಬೋರ್ಡೊ ದ್ರಾವಣಕ್ಕೆಂದು ತಂದ ಮೈಲುತುತ್ತ, ಎಂದರೆ ತಾಮ್ರದ ಸಲ್ಫೇಟು, ನಮ್ಮ ಮನೆಗಳಲ್ಲಿ ಇದ್ದೇ ಇರುತ್ತದೆ. ಹುಳು ಬಾರದಿರಲೆಂದು ಅದನ್ನು ಮೈದಾ ಅಂಟಿಗೆ ಬೆರೆಸಿ ಹರಿದ ಪುಟ ಅಂಟಿಸುವ ಪದ್ಧತಿಯೂ ಇದೆ. ಹುಳು ಬಾರದಿರಬಹುದು, ಆದರೆ ತಾಮ್ರದ ಅಂಶ ಕಾಗದವನ್ನೇ ತಿನ್ನುತ್ತದೆ. ಹರಿದ ಹಾಳೆಯನ್ನು ಅಂಟಿಸದೆ, ಮಡಿಸಿದ ಬಿಳಿ ಕಾಗದದ ನಡುವೆ ಅದರ ಜಾಗದಲ್ಲಿಯೇ ಇಡುವುದು ಕ್ಷೇಮ. ನುಸಿಗುಳಿಗೆ ಬೂಷ್ಟನ್ನು ತಡೆಯುವುದಿಲ್ಲ. ಹಸಿ ಬೇವಿನ ಸೊಪ್ಪು ಒಳಗೆ ತೇವವನ್ನೇ ಸೇರಿಸುತ್ತದೆ.

ಕಟ್ಟಿಡುವುದು

ಕಟ್ಟಿಡಲು ಸರಿಯಾದ ಕಾಲ ಸಂಕ್ರಾಂತಿಯಿಂದ ಶಿವರಾತ್ರಿಯವರೆಗೆ, ಏಕೆಂದರೆ ಪೆಟ್ಟಿಗೆಯೊಳಗೆ ನೀವು ಮುಚ್ಚುವುದು ಆ ದಿನದ ಗಾಳಿಯನ್ನು ಕೂಡ. ಜೂನ್‌ನಲ್ಲಿ ಕಟ್ಟಿದರೆ ಜೂನ್‌ನ ತೇವವೇ ಒಳಗುಳಿಯುತ್ತದೆ. ಒಂದೊಂದು ಸಂಚಿಕೆಯನ್ನೂ ಪಾಲಿಪ್ರೊಪಿಲೀನ್ ಕವರಿನಲ್ಲಿ ಹಾಕಿ, ಬಾಯಿ ಅಂಟಿಸಬೇಡಿ. ಮೆತ್ತಗೆ ಬಗ್ಗುವ, ವಾಸನೆ ಬರುವ ಪಿವಿಸಿ ಕವರುಗಳು ಅಂಗಡಿಯಲ್ಲಿ ಮೊದಲು ಕೈಗೆ ಸಿಗುತ್ತವೆ. ಅವುಗಳಿಂದ ಒಸರುವ ಎಣ್ಣೆಯಂಥ ಪದಾರ್ಥಕ್ಕೆ ಮುಖಪುಟದ ಮಸಿ ಅಂಟಿಕೊಳ್ಳುತ್ತದೆ. ಹಿಂದೆ ಆಧಾರಕ್ಕೆ ಆಮ್ಲರಹಿತ ರಟ್ಟು ಸಿಕ್ಕಿದರೆ ಇಡಿ, ಬೂದು ಬಣ್ಣದ ಮಾಮೂಲಿ ರಟ್ಟಾದರೆ ಬೇಡ. ಹದಿನೈದಕ್ಕಿಂತ ಹೆಚ್ಚು ಒಂದರ ಮೇಲೊಂದು ಪೇರಿಸದೆ, ರಬ್ಬರಿನ ಪಟ್ಟಿ ಇರುವ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಮಲಗಿಸಿ, ಮೂಲೆಗೆ ತೇವ ಹೀರುವ, ಹೀರಿದಾಗ ಬಣ್ಣ ಬದಲಾಗುವ ಸಿಲಿಕಾ ಜೆಲ್ ಹರಳಿನ ಬಟ್ಟೆಚೀಲ ಮತ್ತು ಸಣ್ಣದೊಂದು ತೇವಾಂಶ ಮಾಪಕ ಇಡಿ. ಮಾಪಕ ಶೇಕಡಾ 50ರ ಆಸುಪಾಸಿನಲ್ಲಿದ್ದರೆ ನಿಶ್ಚಿಂತೆ. 65 ದಾಟಿದರೆ ಬೂಷ್ಟಿಗೆ ಅವಕಾಶವಾಯಿತೆಂದು ತಿಳಿಯಿರಿ.

ಡಬ್ಬಿಯನ್ನು ಹೊರಗೋಡೆಗೆ ತಾಗಿಸಬೇಡಿ, ನೆಲದ ಮೇಲೆ ಇಡಬೇಡಿ, ಅಡುಗೆಮನೆಯ ಮೇಲಿನ ಅಟ್ಟಕ್ಕಂತೂ ಏರಿಸಲೇಬೇಡಿ, ಮಸಿ ಎಲ್ಲದಕ್ಕೂ ಹತ್ತುತ್ತದೆ. ಒಳಕೋಣೆಯ ಬೀರುವಿನ ನಡುವಿನ ಅಂತಸ್ತು ಒಳ್ಳೆಯ ಜಾಗ. ಮಳೆಗಾಲದಲ್ಲಿ ಹೊರಗಿನಿಂದಲೇ ಮಾಪಕ ಕಾಣುವಂತೆ ಪಾರದರ್ಶಕ ಡಬ್ಬಿ ಆರಿಸಿದರೆ ತೆರೆಯುವ ಅಗತ್ಯವೇ ಬೀಳುವುದಿಲ್ಲ. ದೀಪಾವಳಿ ಕಳೆದು ಒಣಗಾಳಿ ಬೀಸತೊಡಗಿದ ಮೇಲೆ ಡಬ್ಬಿ ತೆರೆದು, ಪ್ರತಿ ಸಂಚಿಕೆಯ ನಡುವಿನ ಹಾಳೆ ನೋಡಿ, ಬಣ್ಣ ಬದಲಾದ ಹರಳುಗಳನ್ನು ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಪೂರ್ತಿ ತಣ್ಣಗಾದ ಮೇಲೆ ಮತ್ತೆ ಚೀಲಕ್ಕೆ ತುಂಬಿ ಅದರ ಮೂಲೆಗೇ ಇಡಿ.