ಮಕ್ಕಳಿಗೆ ಗುರಿ ಇಟ್ಕೊಳ್ಳೋದು ಕಲಿಸೋದು ಹೇಗೆ? ಶುಕ್ರವಾರದಿಂದ ಶುರು ಮಾಡಿ

ದೊಡ್ಡವರಾದ್ಮೇಲೆ ಏನಾಗ್ತೀರಾ ಅಂತ 11-12 ವರ್ಷದ ಮಕ್ಕಳನ್ನ ಕೇಳಿ ನೋಡಿ, ಡಾಕ್ಟರು, ಪೈಲಟ್ಟು ಅಂತ ಪಟಪಟ ಉತ್ತರ ಬರುತ್ತೆ. ಅದೇ ಈ ಶುಕ್ರವಾರದೊಳಗೆ ಏನ್ ಮಾಡ್ತೀರಾ ಅಂದ್ರೆ ಇಡೀ ಕ್ಲಾಸ್ ಗಪ್‌ಚುಪ್. ಪಾಠ ಶುರು ಆಗ್ಬೇಕಾಗಿರೋದು ಇಲ್ಲಿಂದಾನೇ.

ಗುರಿಗಿಂತ ಮೊದ್ಲು ನಿರ್ಧಾರ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲೇ ಪಟ್ಟಿ ಮಾಡಿದ 10 ಜೀವನ ಕೌಶಲಗಳಲ್ಲಿ ಇದೂ ಒಂದು, ಆದ್ರೆ ನಾವು ಮಕ್ಕಳ ಕೈಗೆ ನಿಜವಾದ ನಿರ್ಧಾರ ಅಂತ ಬಿಟ್ಟುಕೊಡೋದೇ ಕಮ್ಮಿ. ಪ್ರಾಜೆಕ್ಟನ್ನ ಚಾರ್ಟ್ ಮಾಡಿ ತೋರಿಸ್ತೀರೋ ನಾಟಕ ಆಡ್ತೀರೋ ಅನ್ನೋದನ್ನ ಗುಂಪಿಗೇ ಬಿಡಿ. ಬೋರ್ಡ್ ಮೇಲೆ ಆಯ್ಕೆ, ಲಾಭ, ತೊಂದರೆ ಅಂತ ಗೆರೆ ಎಳೀರಿ, ಜೊತೆಗೆ "ಇದ್ರಿಂದ ಬೇರೆಯವ್ರಿಗೆ ಏನಾಗುತ್ತೆ" ಅಂತ ಇನ್ನೊಂದು ಕಾಲಂ. ಕೈ ಎತ್ಸಿ ವೋಟ್ ಹಾಕಿಸ್ಬೇಡಿ, ಜೋರು ಬಾಯಿಯವನು ಗೆಲ್ತಾನೆ ಅಷ್ಟೇ. ಮೊದ್ಲು ಒಬ್ಬೊಬ್ರೂ ಚೀಟಿಯಲ್ಲಿ ತಮ್ಮ ಆಯ್ಕೆ, ಯಾಕೆ ಅನ್ನೋದನ್ನ ಒಂದೇ ಸಾಲಲ್ಲಿ ಬರೀಲಿ, ಆಮೇಲೆ ಮಾತು.

ಇನ್ನು ಕಷ್ಟದ ಭಾಗ ನಮ್ದು. ನಾಟಕ ಅಂತ ಆರಿಸ್ಕೊಂಡು ಯಾರೂ ಡೈಲಾಗ್ ಕಲೀದೆ ಬಂದ್ರೆ, ಓಡಿ ಹೋಗಿ ಕಾಪಾಡ್ಬೇಡಿ. ಮುಗಿದ್ಮೇಲೆ ಚೀಟಿ ವಾಪಸ್ ಕೊಟ್ಟು "ಅವತ್ತು ಏನ್ ಅಂದ್ಕೊಂಡಿದ್ರಿ, ಏನಾಯ್ತು" ಅಂತ ಕೇಳಿ ಸಾಕು, ಭಾಷಣ ಬೇಡ.

ಆಮೇಲೆ ಗುರಿ. 'ಸ್ಮಾರ್ಟ್' (SMART) ಗುರಿ ಅಂತ ಎಲ್ಲಾ ಕಡೆ ಹೇಳ್ತಾರಲ್ಲ, ಐದು ಇಂಗ್ಲಿಷ್ ಅಕ್ಷರ, ಒಂದೊಂದೂ ಒಳ್ಳೇ ಗುರಿಯ ಒಂದೊಂದು ಗುಣ, ಅದನ್ನ 1981ರಲ್ಲಿ ಜಾರ್ಜ್ ಡೋರನ್ ಅನ್ನೋರು ಬರೆದಿದ್ದು ಕಂಪನಿ ಮ್ಯಾನೇಜರ್‌ಗಳಿಗೆ. ನನ್ ಪ್ರಕಾರ ಮಕ್ಕಳಿಗೆ ಆ ಐದು ಅಕ್ಷರ ಬಾಯಿಪಾಠ ಮಾಡ್ಸೋದು ವೇಸ್ಟ್, ಏನು, ಎಷ್ಟು, ಯಾವಾಗ ಅಂತ ಮೂರು ಪ್ರಶ್ನೆ ಸಾಕು.

ಒಬ್ಬ ಹುಡುಗ "ಗಣಿತದಲ್ಲಿ ಇಂಪ್ರೂವ್ ಆಗ್ತೀನಿ" ಅಂತ ಬರೀತಾನೆ ಅಂತಿಟ್ಕೊಳ್ಳಿ. ಮೂರು ಪ್ರಶ್ನೆ ಕೇಳಿದ್ಮೇಲೆ ಅದು "ಸೋಮವಾರದಿಂದ ಶುಕ್ರವಾರ, ಸ್ಕೂಲಿಂದ ಬಂದು ಕೈಕಾಲು ತೊಳ್ಕೊಂಡ ತಕ್ಷಣ, ಭಿನ್ನರಾಶಿ ಕೂಡೋ ಲೆಕ್ಕ 3" ಅಂತಾಗುತ್ತೆ. ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಐದು ಚೌಕ ಹಾಕ್ಸಿ. ಅದನ್ನ ಗೋಡೆ ಮೇಲಂತೂ ಅಂಟಿಸ್ಬೇಡಿ, ಪಕ್ಕದವರ ಟಿಕ್ ಎಣಿಸೋದ್ರಲ್ಲೇ ವಾರ ಕಳೆದು ಹೋಗುತ್ತೆ.

ಶುಕ್ರವಾರ ನೋಡಿದ್ರೆ ಸೋಮವಾರ, ಮಂಗಳವಾರ ಟಿಕ್, ಬುಧವಾರದಿಂದ ಖಾಲಿ. "ಯಾಕ್ ಮಾಡ್ಲಿಲ್ಲ" ಅಂದ್ರೆ ತಲೆ ತಗ್ಗಿಸ್ತಾನೆ. "ಬುಧವಾರ ಪುಸ್ತಕ ತೆಗೆದಾಗ ಏನಾಯ್ತು" ಅಂತ ಕೇಳಿ, "ಛೇದ ಬೇರೆ ಬೇರೆ ಇತ್ತು ಮಿಸ್, ಬರ್ಲಿಲ್ಲ, ಮುಚ್ಚಿಟ್ಟೆ" ಅಂತ ನಿಜ ಹೊರಗೆ ಬರುತ್ತೆ. ಸೋಮಾರಿತನ ಅಲ್ಲ, ಸಿಕ್ಕಾಕೊಂಡಿದ್ದ.

ಅದಕ್ಕೇ ಮುಂದಿನ ವಾರದ ಗುರಿ ಜೊತೆ ಒಂದು "ಹೀಗಾದ್ರೆ ಹೀಗೆ" ಸಾಲು ಸೇರ್ಸಿ. ಪೀಟರ್ ಗೋಲ್‌ವಿಟ್ಸರ್ ಅನ್ನೋ ಮನಶ್ಶಾಸ್ತ್ರಜ್ಞರು ಅಧ್ಯಯನ ಮಾಡಿ ಜನಪ್ರಿಯ ಮಾಡಿದ ಉಪಾಯ ಇದು, ಅಡ್ಡಿ ಬರೋಕೆ ಮುಂಚೇನೇ ಏನ್ ಮಾಡೋದು ಅಂತ ಬರೆದಿಟ್ಕೊಳ್ಳೋದು. ಹುಡುಗನ ಸಾಲು ಹೀಗಿರಬಹುದು: "ಲೆಕ್ಕ ಬರ್ಲಿಲ್ಲ ಅಂದ್ರೆ ಕ್ಲಾಸಲ್ಲಿ ಬಿಡಿಸಿದ್ದನ್ನ ಒಂದ್ಸಲ ನೋಡ್ತೀನಿ, ಆಗ್ಲೂ ಬರ್ಲಿಲ್ಲ ಅಂದ್ರೆ ಆ ಲೆಕ್ಕದ ಸುತ್ತ ಗೆರೆ ಹಾಕಿಟ್ಟು ಬೆಳಗ್ಗೆ ಮಿಸ್‌ಗೆ ತೋರಿಸ್ತೀನಿ." ಸುತ್ತ ಗೆರೆ ಹಾಕಿದ್ದಕ್ಕೂ ಟಿಕ್ ಕೊಡಿ.